ಜೊಳ್ಳೆಂದು ತೆಗೆದಿಟ್ಟ ಹದಿನೇಳು ಹಾಡು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು ಎಂದು ಒಮ್ಮೆ ಗೊತ್ತಾದರೆ ಮುಗಿಯಿತು. ಪ್ರಿಂಟರ್ ಕೆಟ್ಟವರು, ಮೊಬೈಲು ನೀರಿನ ಹೌದಿಗೆ ಬಿದ್ದವರು, ಟಿವಿಯ ರಿಮೋಟು ಕೆಲಸ ಮಾಡದವರು, ಎಲ್ಲರಿಗೂ ನೀವೇ ವೈದ್ಯರು. ಅದಕ್ಕೇ ನಾನು ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿಬಿಡುತ್ತೇನೆ. ನಿದ್ದೆ ಬರುವುದಿಲ್ಲ, ಬರೀ ನಾಟಕ.

ಆ ಸೋಮವಾರ ಕಂಡಕ್ಟರ್ ಬಾಯಿ (ನಮ್ಮ ಕಡೆ ಹೆಂಗಸರಿಗೆ ಮರ್ಯಾದೆಯಿಂದ ಬಾಯಿ ಎನ್ನುವುದು) ನನ್ನ ನಾಟಕಕ್ಕೆ ಮರುಳಾಗಲಿಲ್ಲ. ಎರಡು ವರ್ಷದಿಂದ ನನ್ನ ಪಾಸು ನೋಡಿ ಮುಂದಕ್ಕೆ ಹೋಗುತ್ತಿದ್ದ ಹೆಂಗಸು. ಖಾಕಿ ಅಂಗಿಯ ಮೇಲೆ ಹೆಸರಿನ ಪಟ್ಟಿ ಇತ್ತು, ನಾನು ಒಂದು ದಿನವೂ ಓದಿರಲಿಲ್ಲ. ವಳಸಂಗದಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸಿ ನನ್ನ ಸೀಟಿನ ತುದಿಗೆ ಬಂದು ಕೂತಳು.

"ಸರ, ಮಲಗಿಲ್ಲ ಅಂತ ಗೊತ್ತೈತ್ರಿ. ಒಂದ ಕೆಲಸ ಇತ್ತು."

"ಪ್ರಿಂಟರ್ ಏನು?" ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ಅಲ್ರಿ. ನಮ್ಮವ್ವಂದು."

ಮೊಬೈಲು ಮುಂದೆ ಹಿಡಿದಳು. ಯಾವುದೋ ಹಳೆಯ ಕಾಲದ ವೆಬ್‌ಸೈಟು. ನಮ್ಮ ಕಡೆಯ ಹಳ್ಳಿಗಳ ಹೆಂಗಸರು ಹಾಡಿದ ಬೀಸುವ ಪದಗಳ ಸಂಗ್ರಹ. ಮೂವತ್ತು ವರ್ಷದ ಕೆಳಗೆ ಕನ್ನಡ ಸಾಲೆಯಲ್ಲಿ ಕಲಿಸುತ್ತಿದ್ದ ಬಾಯಾರೊಬ್ಬರು ರಜೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ ತುಂಬಿಸಿಕೊಂಡದ್ದು. ಆ ಕ್ಯಾಸೆಟ್ಟುಗಳನ್ನು ಆಮೇಲೆ ಯಾರೋ ಪುಣ್ಯಾತ್ಮರು ವೆಬ್‌ಸೈಟಿಗೆ ಏರಿಸಿದ್ದರು. ಮೇಲ್ಗಡೆ ಕೆಂಪು ಅಕ್ಷರದಲ್ಲಿ ಒಂದು ನೋಟಿಸು: ಈ ತಾಣವನ್ನು ತಿಂಗಳ ಕೊನೆಯ ದಿನ ಮುಚ್ಚಲಾಗುವುದು. ಅಂದರೆ ಬರುವ ವಾರದ ಬುಧವಾರ. ಒಂಬತ್ತು ದಿನ.

ಕಂಡಕ್ಟರ್ ಬಾಯಿ ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಡಿಪೋದಲ್ಲಿ ಯಾರೋ ನೋಟಿಸು ಓದಿ ಹೇಳಿದ್ದರಂತೆ.

"ನಾ ಐದ ವರ್ಷದಾಕಿ ಇದ್ದಾಗ ಅವ್ವ ಹೋದ್ಳರಿ. ಒಂದ ಫೋಟೋ ಇಲ್ಲ. ದನಿ ಹೆಂಗಿತ್ತು, ಅದೂ ನೆನಪಿಲ್ಲ. ನಮ್ಮೂರು ವಳಸಂಗದಾಗ ಒಬ್ಬಾಕಿ ಹಿರಿಯಾಕಿ ಅದಾಳ. ಆಕಿ ಹೇಳ್ಯಾಳ, ಟೇಪಿನ ಬಾಯಾರು ಬಂದಾಗ ನಿಮ್ಮವ್ವನೂ ಹಾಡಿದ್ಳು, ನಾ ಬಾಜೂಕ ಕುಂತಿದ್ದೆ ಅಂತ. ಇದರಾಗ ಒತ್ತಿದ್ರ ಏನೂ ಕೇಳವಲ್ದು."

ಒತ್ತಿ ನೋಡಿದೆ. ಕೇಳಲಿಲ್ಲ. "ನೋಡೋಣ" ಎಂದೆ. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆಕೆ ಮಾತ್ರ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ತಾಯಿಯ ಹೆಸರು ಸುನಂದಾ ಎಂದು ಹೇಳಿ, ನನ್ನ ನಂಬರು ಬರೆದುಕೊಂಡು, ತನ್ನದೂ ಕೊಟ್ಟು, ಮುಂದಿನ ಸ್ಟಾಪಿಗೆ ಎದ್ದು ಹೋದಳು.

ಲ್ಯಾಬಿಗೆ ಬಂದು ಪುಟದ ಒಡಲನ್ನು ತೆರೆದು ನೋಡಿದೆ. ಹಾಡು ನುಡಿಸುವ ಗುಂಡಿ ಸತ್ತು ವರ್ಷಗಳಾಗಿದ್ದವು. ಅದನ್ನು ನಡೆಸುತ್ತಿದ್ದ ತಂತ್ರವೇ ಈಗಿನ ಬ್ರೌಸರುಗಳಲ್ಲಿಲ್ಲ. ಆದರೆ ಹಾಡುಗಳು ಸರ್ವರಿನಲ್ಲಿ ಕೂತೇ ಇದ್ದವು, ಒಂದರಿಂದ ಸಾವಿರದ ನೂರಾ ನಲವತ್ತರವರೆಗೆ ನಂಬರು ಹೊತ್ತುಕೊಂಡು. ಜೊತೆಗೆ ಒಂದು ಯಾದಿಯ ಪುಟ: ನಂಬರು, ಊರು, ಹಾಡಿದಾಕೆಯ ಹೆಸರು.

ಇಂಥ ಕೆಲಸಕ್ಕೆ ಮೌಸು ಹಿಡಿದು ಒಂದೊಂದೇ ಒತ್ತುತ್ತ ಕೂರಬಾರದು. ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು, ಕಡತ ಇಳಿಸಿಕೊಡುವ ಡಬ್ಲ್ಯು-ಗೆಟ್ ಎಂಬ ಹಳೆಯ ಪ್ರೋಗ್ರಾಮನ್ನು ಆಳಿನ ಹಾಗೆ ಕರೆಯಬೇಕು. ವಿಳಾಸಗಳನ್ನು ಒಂದರ ಕೆಳಗೊಂದು ಬರೆದ ಕಡತ ಕೊಟ್ಟು, ಇದನ್ನು ಓದಿಕೊಂಡು ಎಲ್ಲ ತಾ ಎಂದರೆ ಸಾಕು, ತರುತ್ತದೆ. ಚಹಾ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನಗೆ ಹೊಂದಿಕೊಂಡ ಸಹೋದ್ಯೋಗಿ ಎಂದರೆ ಇದೊಂದೇ.

ನಾನು ಜಾಣತನ ಮಾಡಿದೆ. ಸಾವಿರ ಹಾಡು ಯಾಕೆ? ಯಾದಿಯಲ್ಲಿ ವಳಸಂಗ ಎಂದಿದ್ದ ನಲವತ್ತಾರನ್ನು ಮಾತ್ರ ಹೆಕ್ಕಿ, ಮಂಗಳವಾರ ಮಧ್ಯಾಹ್ನದೊಳಗೆ ಇಳಿಸಿಕೊಂಡೆ. ಆಮೇಲೆ ಹೆಸರು ನೋಡುತ್ತ ಹೋದೆ. ಸುನಂದಾ ಇಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ವಳಸಂಗದಲ್ಲೂ ಇಲ್ಲ, ಇಡೀ ಯಾದಿಯಲ್ಲೂ ಇಲ್ಲ.

ಬುಧವಾರ ಬಸ್ಸಿನಲ್ಲಿ ಹೇಳಿದೆ. ಆಕೆಯ ಮುಖ ಇಳಿಯಿತು, ದನಿ ಇಳಿಯಲಿಲ್ಲ.

"ಇರಬೇಕ್ರಿ ಸರ. ಹಿರಿಯಾಕಿ ಸುಳ್ಳ ಹೇಳಂಗಿಲ್ಲ. ನಕ್ಕಿ ಐತಿ."

ಹಾಗಾದರೆ ಎಲ್ಲವನ್ನೂ ತಂದು ನಿನ್ನ ಮುಂದೆ ಸುರಿಯುತ್ತೇನೆ, ಹುಡುಕಿಕೋ ಎಂದು ಮನಸ್ಸಿನಲ್ಲೇ ಸಿಟ್ಟಾದೆ. ಸಿಟ್ಟಿನಲ್ಲಿ ಮಾಡಿದ ಕೆಲಸ ಹೇಗಿರಬೇಕೋ ಹಾಗೇ ಆಯಿತು. ಒಂದೊಂದೇ ತರುವ ಬದಲು ಹದಿನಾರು ಹದಿನಾರು ಒಟ್ಟಿಗೆ ತರಲು ಹಚ್ಚಿದೆ. ಪರದೆ ಮೇಲೆ ಸಾಲುಗಳು ಸುರಿದವು. ಊಟದ ಡಬ್ಬಿ ಮುಚ್ಚುವುದರೊಳಗೆ ಕೆಲಸ ಮುಗಿದಿತ್ತು. ಎಣಿಸಿದೆ: ಸಾವಿರದ ನೂರಾ ನಲವತ್ತು. ಒಂದೂ ಕಡಿಮೆಯಿಲ್ಲ. ಆಕೆಗೆ ಫೋನು ಮಾಡಿ, ಎಲ್ಲ ಬಂತು ಎಂದೆ, ದೊಡ್ಡ ಮನುಷ್ಯನ ಹಾಗೆ.

ಗುರುವಾರ ಆಕೆಗೆ ವಾರದ ಸುಟ್ಟಿ, ಡ್ಯೂಟಿ ಇಲ್ಲ. ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಲ್ಯಾಬಿಗೇ ಬಂದಳು. ಕುರ್ಚಿಯ ತುದಿಗೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, ಪರದೆಯನ್ನೇ ನೋಡತೊಡಗಿದಳು. ಒಂದು ಹಾಡು ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ, ಅದೂ ಮೂಕ. ಆಗ ನಾನು ಮೊದಲೇ ನೋಡಬೇಕಿದ್ದ ಕಡೆ ನೋಡಿದೆ. ಮೊದಲ ಇಪ್ಪತ್ಮೂರು ಕಡತ ಬಿಟ್ಟರೆ ಉಳಿದವೆಲ್ಲ ಒಂದೇ ಅಳತೆ, ಹದಿನಾಲ್ಕು ಕೆಬಿ. ಐದು ನಿಮಿಷದ ಹಾಡು ಹದಿನಾಲ್ಕು ಕೆಬಿಯಲ್ಲಿ ಕೂರುವುದಿಲ್ಲ. ಒಂದನ್ನು ಅಕ್ಷರದ ಕಡತವಾಗಿ ತೆರೆದೆ. ಒಳಗೆ ಹಾಡಿಲ್ಲ, ಸರ್ವರಿನ ನೋಟಿಸು: ನಿಮ್ಮ ಕಡೆಯಿಂದ ಅತಿಯಾದ ಬೇಡಿಕೆ ಬಂದಿದೆ, ನಿಮ್ಮನ್ನು ತಡೆಯಲಾಗಿದೆ. ಅದೇ ನೋಟಿಸನ್ನು ಹಾಡಿನ ಹೆಸರಿನಲ್ಲಿ ಸಾವಿರ ಸಲ ಉಳಿಸಿಕೊಂಡಿದ್ದೆ. ಎಣಿಸಿದ್ದೆ, ತೂಗಿರಲಿಲ್ಲ.

ಗಿರಣಿಯಲ್ಲಿ ಜೋಳ ಸುರಿಯುವಾಗಲೂ ಒಂದು ಅಳತೆ ಇರುತ್ತದೆ. ಇಡೀ ಚೀಲ ಒಮ್ಮೆಲೆ ಬಗ್ಗಿಸಿದರೆ ಗಿರಣಿಯವನು ಬೈದು ಆಚೆ ಕಳಿಸುತ್ತಾನೆ. ನನಗೆ ಆದದ್ದು ಅದೇ. ಈಗ ಇಡೀ ಕಾಲೇಜಿಗೆ ಆ ವೆಬ್‌ಸೈಟು ಬಂದ್.

"ಏನಾತ್ರಿ?" ಎಂದಳು.

ಹೇಳಿದೆ. ಹೇಳುತ್ತಲೇ ಕೈ ಕೀಲಿಮಣೆಯ ಮೇಲಿತ್ತು. ಇದಕ್ಕೆಲ್ಲ ದಾರಿ ಇದೆ. ಮೊಬೈಲಿನ ನೆಟ್ ಹಚ್ಚಿದರೆ ಬೇರೆ ಮನೆಯಿಂದ ಬಂದ ಹಾಗೆ ಕಾಣುತ್ತದೆ. ಡಬ್ಲ್ಯು-ಗೆಟ್‌ಗೆ ವೇಷ ಹಾಕಿಸಿ, ನಾನೊಂದು ಸಾದಾ ಬ್ರೌಸರು ಎಂದು ಸುಳ್ಳೂ ಹೇಳಿಸಬಹುದು. ಆ ಸಾಲನ್ನು ಬರೆದೂ ಆಗಿತ್ತು, ಎಂಟರ್ ಒತ್ತುವುದಷ್ಟೇ ಬಾಕಿ.

"ಕೊಡಾಕ ಒಲ್ಲೆ ಅಂದಾರೇನ್ರಿ ಅವ್ರು?"

"ಯಾರು?"

"ಅದರ ಮಾಲಕರು."

"ಅವರನ್ನ ಕೇಳಿಲ್ಲ ಇನ್ನೂ."

"ಕೇಳೇ ಇಲ್ಲೇನ್ರಿ?" ಆಕೆ ನನ್ನನ್ನು ನೋಡಿದ ರೀತಿ, ವರ್ಷಗಟ್ಟಲೆ ಟಿಕೆಟ್ ಇಲ್ಲದೆ ಕೂತವರನ್ನು ನೋಡಿ ಪಳಗಿದ ರೀತಿ. "ಕೇಳದನ ಹತ್ತಿ ಸೀಟ ಹಿಡದು, ಮ್ಯಾಲ ಮಲಗಿದಂಗ ಮಾಡೋ ಮಂದಿ ಭಾಳ ನೋಡೀನ್ರಿ ನಾ."

ನನಗೆ ನಗು ಬಂತು, ನಾಚಿಕೆಯೂ ಬಂತು. ಬರೆದ ಸಾಲನ್ನು ಅಳಿಸಿದೆ. ಹೋಳಿಗೆ ತಿಂದೆವು. ಆಕೆ ಹೋದ ಮೇಲೆ ಇದ್ದ ಮೂಕ ಕಡತಗಳನ್ನೆಲ್ಲ ಅಳಿಸಿ ಹಾಕಿದೆ.

ಶುಕ್ರವಾರ ವೆಬ್‌ಸೈಟಿನ ಕೆಳತುದಿಯಲ್ಲಿದ್ದ ವಿಳಾಸಕ್ಕೆ ಪತ್ರ ಬರೆದೆ. ತಪ್ಪು ನನ್ನದು, ಹದಿನಾರು ಕೈಗಳಿಂದ ಎಳೆದೆ, ಕ್ಷಮಿಸಿ ಎಂದೆ. ಯಾಕೆ ಬೇಕು ಎಂಬುದನ್ನೂ ಬರೆದೆ. ಸಂಜೆಯೊಳಗೆ ಉತ್ತರ ಬಂತು. ವೆಬ್‌ಸೈಟು ನೋಡಿಕೊಳ್ಳುವವರು ಒಬ್ಬರೇ, ಸರ್ವರು ಮುದಿ, ಇನ್ನು ತಮ್ಮ ಕೈಲಾಗದು ಎಂದು ಮುಚ್ಚುತ್ತಿದ್ದಾರೆ. ತಡೆ ತೆಗೆಯುತ್ತೇನೆ, ಆದರೆ ನಿಮಿಷಕ್ಕೆ ಒಂದೇ ಕಡತ, ಹಗಲು ಮಾತ್ರ. ಮತ್ತೆ, ಹಾಡುಗಳು ತಮ್ಮವಲ್ಲ, ಟೇಪ್ ಮಾಡಿದ ಬಾಯಾರು ಸೋಲಾಪುರದಲ್ಲೇ ಇದ್ದಾರೆ, ಅವರ ಒಪ್ಪಿಗೆ ತಗೊಳ್ಳಿ ಎಂದಿದ್ದರು.

ಶನಿವಾರ ಕಂಡಕ್ಟರ್ ಬಾಯಿ ಬಸ್ಸಿನ ಎರಡು ಫೇರಿಗಳ ನಡುವಿನ ಒಂದು ತಾಸು ಬಿಡುವು ಮಾಡಿಕೊಂಡಳು. ಇಬ್ಬರೂ ರಿಕ್ಷಾ ಹಿಡಿದು ಬಾಯಾರ ಮನೆಗೆ ಹೋದೆವು. ಎಂಬತ್ತರ ಹತ್ತಿರದ ಹೆಣ್ಣುಮಗಳು. ಮೊಣಕಾಲು ಸೋತಿವೆ, ಕಣ್ಣು ಸೋತಿಲ್ಲ. ಖಾಕಿ ಅಂಗಿ ನೋಡಿ ಮೊದಲು ನಗುತ್ತ, "ಟಿಕೀಟ ತಗದಿಲ್ಲವಾ ನಾ" ಎಂದರು.

ನಾನು ವಳಸಂಗದ ನಲವತ್ತಾರರ ಕಥೆ ಹೇಳಿದೆ. ಬಾಯಾರು ಹಣೆ ಬಡಿದುಕೊಂಡರು.

"ವಳಸಂಗ ಅಂತ ಬರದದ್ದು ವಳಸಂಗದಾಗ ಹಾಡಿದಾಕಿ ಅಂತಲ್ಲರಿ ಸರ, ವಳಸಂಗದಾಗ ಹುಟ್ಟಿದಾಕಿ ಅಂತ. ಬೀಸೋ ಪದ ಯಾರೂ ಗಂಡನ ಮನ್ಯಾಗ ಕಲಿಯಂಗಿಲ್ಲ, ತವರಿಂದ ತರ್ತಾರ. ಅದಕ್ಕ ಊರೂ ತವರಿಂದು, ಹೆಸರೂ ತವರಿಂದು ಬರಕೊಂಡೀನಿ. ಅವರ ಹಂಗ ಬರೀರಿ ಅಂದ್ರು. ಒಬ್ಬಾಕಿ ಅಂದ್ಳು, ಅಕ್ಕಿ ತಾಟಿನ್ಯಾಗ ಬರದ ಹೆಸರು ಸರಕಾರಕ್ಕ ಇರ್ಲಿ, ಪದಕ್ಕ ಅವ್ವ ಇಟ್ಟ ಹೆಸರು ಇರ್ಲಿ ಅಂತ."

ಅಕ್ಕಿ ತಾಟು! ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರೇ ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ರೇಷನ್ ಕಾರ್ಡಿಗೂ ಮಕ್ಕಳ ದಾಖಲೆಗೂ ಅದೇ. ನಾನೂ ಹಾಗೇ ಬರೆದವನು. ಇಪ್ಪತ್ತೈದು ವರ್ಷದ ಕೆಳಗೆ ನನ್ನ ಕೈಯಾರೆ ಬರೆದಿದ್ದೆ. ಆ ಬುದ್ಧಿ ಯಾದಿ ನೋಡುವಾಗ ಎಲ್ಲಿ ಮೇಯಲು ಹೋಗಿತ್ತೋ. ನಾನು ಹೆಕ್ಕಿದ ನಲವತ್ತಾರು ಮಂದಿ ವಳಸಂಗದಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಹೋದವರು. ಬೇಕಾಗಿದ್ದವಳು ಬೇರೆ ಊರಲ್ಲಿ ಹುಟ್ಟಿ ವಳಸಂಗಕ್ಕೆ ಬಂದವಳು.

"ನಿಮ್ಮವ್ವನ ತವರು ಯಾವುದವಾ?" ಎಂದು ಬಾಯಾರು ಕೇಳಿದರು.

"ಬೋರಾಮಣ್ರಿ."

"ತವರಾಗ ಏನಂತ ಕರೀತಿದ್ರು?"

ಕಂಡಕ್ಟರ್ ಬಾಯಿ ಕೈಯಲ್ಲಿದ್ದ ಟಿಕೆಟ್ ಯಂತ್ರದ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು.

"ಗೊತ್ತಿಲ್ರಿ ಬಾಯಾರ. ಅವ್ವ ಸತ್ತಮ್ಯಾಲ ಅಪ್ಪ ಇನ್ನೊಂದ ಮದಿವಿ ಆದ. ಅವ್ವನ ಅಣ್ಣ, ನಮ್ಮ ಮಾಮಾ, ಬರೋದ ಬಿಟ್ಟ. ಈಗ ಅಪ್ಪನೂ ಇಲ್ಲ. ಆ ಹಿರಿಯಾಕಿನೂ ಅವ್ವಗ ಬೋರಾಮಣ್ಯಾಕಿ ಅಂತ ಅಂತಾಳ."

ತನ್ನ ತಾಯಿಯ ಹೆಸರು ತನಗೆ ಗೊತ್ತಿಲ್ಲ ಎಂದು ಒಬ್ಬ ಮಗಳು ಬಾಯಿಬಿಟ್ಟು ಹೇಳುವುದನ್ನು ಕೇಳಿದಾಗ ನನಗೆ ಬಹಳ ಕೆಟ್ಟದೆನಿಸಿತು. ಬಾಯಾರು ನನ್ನ ಕಡೆ ತಿರುಗಿದರು.

"ಪರವಾನಗಿ ಕೊಡ್ತೀನ್ರಿ. ಆದ್ರ ತಗೊಂಡ್ರ ಎಲ್ಲಾ ತಗೋರಿ. ಒಬ್ಬಾಕಿನ್ನ ಕರಕೊಂಡು ಉಳದಾವ್ರನ್ನ ಬಿಟ್ಟ ಬರಬ್ಯಾಡ್ರಿ. ಅವರಿಗೂ ಮಕ್ಕಳದಾರ."

ಅಲ್ಲೇ ನಿರ್ಧಾರವಾಯಿತು. ಇನ್ನು ಹೆಕ್ಕುವುದಿಲ್ಲ, ಮೊದಲು ಇವಳು ಆಮೇಲೆ ಅವಳು ಎನ್ನುವುದಿಲ್ಲ. ಎರಡು ಸಲ ಜಾಣತನ ಮಾಡಿ ಎರಡು ಸಲ ಮಣ್ಣು ಮುಕ್ಕಿದ್ದೆ. ಒಂದರಿಂದ ಶುರು ಮಾಡಿ ಸಾವಿರದ ನೂರಾ ನಲವತ್ತರಲ್ಲಿ ನಿಲ್ಲಿಸುವುದು, ಅಷ್ಟೇ. ಕಂಡಕ್ಟರ್ ಬಾಯಿ ಮುಂದಿನ ಗುರುವಾರದ ಸುಟ್ಟಿಯಲ್ಲಿ ಬೋರಾಮಣಿಗೆ ಹೋಗಿ ಮಾಮಾನನ್ನು ಹುಡುಕುತ್ತೇನೆ ಎಂದಳು. ಅಷ್ಟರಲ್ಲಿ ವೆಬ್‌ಸೈಟು ಮುಚ್ಚಿರುತ್ತದೆ. ಹೆಸರು ಸಿಗುವ ಮೊದಲೇ ಹಾಡು ನಮ್ಮ ಕೈಯಲ್ಲಿರಬೇಕಿತ್ತು.

ಆ ಸಂಜೆ ಮನೆಯಲ್ಲಿ ಹೆಂಡತಿಯನ್ನು ಅವಳ ತವರಿನ ಹೆಸರಿನಿಂದ ಕರೆದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ, "ತವರಾಗ ಯಾರರ ತೀರಿಕೊಂಡ್ರೇನ್ರಿ?" ಎಂದಳು.

ಭಾನುವಾರ ಕಾಲೇಜಿಗೆ ಬೀಗ, ಸೋಮವಾರ ಹತ್ತಕ್ಕೆ ಶುರು. ಒಂದು ಕಡತ ತಂದ ಮೇಲೆ ಒಂದು ನಿಮಿಷ ಕಾಯಿ ಎಂದು ಡಬ್ಲ್ಯು-ಗೆಟ್‌ಗೆ ಹೇಳಿದೆ. ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಸಲಿ ಎಂದು ಒಂದು ಸಣ್ಣ ಸಿ ಅಕ್ಷರ ಸೇರಿಸಿದೆ. ಎಲ್ಲವನ್ನೂ ಒಂದು ದಿನಚರಿಯಲ್ಲಿ ಬರೆದಿಡು ಎಂದೆ. ಆಮೇಲೆ ಮಾಡಲು ಏನೂ ಇರಲಿಲ್ಲ, ಕಾಯುವುದನ್ನು ಬಿಟ್ಟು. ಕಾಯುವುದು ನನ್ನ ಸ್ವಭಾವವಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಪರದೆ ನೋಡುವುದು, ಅಳತೆ ನೋಡುವುದು, ಬಂದು ಕೂರುವುದು. ಸಂಜೆ ಐದಕ್ಕೆ ನಾನೂರಾ ಎರಡು.

ಮಂಗಳವಾರ ಹನ್ನೆರಡಕ್ಕೆ ಕರೆಂಟು ಹೋಯಿತು. ಬ್ಯಾಟರಿ ಹತ್ತು ನಿಮಿಷ ತಡೆದು ಕೈಚೆಲ್ಲಿತು. ಎರಡು ತಾಸು ಹೋದವು. ಕರೆಂಟು ಬಂದಾಗ ಅದೇ ಸಾಲನ್ನು ಮತ್ತೆ ಕೊಟ್ಟೆ. ಅರ್ಧ ಬಂದು ನಿಂತಿದ್ದ ಐನೂರಾ ಹದಿನೈದನೆಯ ಹಾಡು ನಿಂತಲ್ಲಿಂದಲೇ ಎದ್ದು ನಡೆಯಿತು. ಆ ಸಣ್ಣ ಅಕ್ಷರಕ್ಕೆ ಕೈಮುಗಿಯಬೇಕೆನಿಸಿತು. ಹೋದ ಎರಡು ತಾಸಿನ ಮಾತನ್ನು ನೋಡಿಕೊಳ್ಳುವವರಿಗೆ ಬರೆದೆ. ಅವರು ಬುಧವಾರ ಬೆಳಿಗ್ಗೆ ಏಳರಿಂದಲೇ ನಡೆಸಿ ಎಂದರು. ನಾನು ನನ್ನ ದಿನದ ಬಸ್ಸು ಬಿಟ್ಟು ಐದೂವರೆಯದಕ್ಕೆ ಹೋದೆ. ಬುಧವಾರ ಸಂಜೆ ನಾಲ್ಕರ ಸುಮಾರಿಗೆ ಕೊನೆಯ ನಂಬರು ಬಂತು.

ಈ ಸಲ ಎಣಿಸಿದೆ, ತೂಗಿಯೂ ನೋಡಿದೆ. ಹೆಚ್ಚಿನವು ಎರಡು ಮೂರು ಎಂಬಿ. ಅರ್ಧ ಎಂಬಿಗಿಂತ ಕಡಿಮೆಯವು ಹದಿನೇಳು ಇದ್ದವು. ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡರೂ ಭಯ. ಅವುಗಳಲ್ಲಿ ಎರಡನ್ನು ತೆರೆದು ನೋಡಿದೆ. ಒಂದು ತೆರೆಯಲೇ ಇಲ್ಲ, ಇನ್ನೊಂದರಲ್ಲಿ ಬರೀ ಟೇಪಿನ ಸರಸರ. ಉಳಿದ ಹದಿನೈದೂ ಅಂಥವೇ ಎಂದುಕೊಂಡು, ಹದಿನೇಳನ್ನೂ ಒಂದು ಫೋಲ್ಡರಿಗೆ ತಳ್ಳಿ ಅದಕ್ಕೆ ಜೊಳ್ಳು ಎಂದು ಹೆಸರಿಟ್ಟೆ. ಕಾಳು ಒಂದು ಕಡೆ, ಜೊಳ್ಳು ಒಂದು ಕಡೆ. ನಾಳೆ ಅಳಿಸಿದರಾಯಿತು ಎಂದು ಕಂಪ್ಯೂಟರ್ ಮುಚ್ಚಿದೆ. ಗುರುವಾರ ಬೆಳಿಗ್ಗೆ ನೋಡಿದರೆ ವೆಬ್‌ಸೈಟು ಇರಲಿಲ್ಲ.

ಶುಕ್ರವಾರ ಆಕೆ ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನ ಮೆಟ್ಟಿಲು ಓಡಿಕೊಂಡೇ ಹತ್ತಿ ಬಂದಳು. ಏದುಸಿರು.

"ನೀಲವ್ವರಿ ಸರ! ಅವ್ವನ ಹೆಸರು ನೀಲವ್ವ. ಮಾಮಾ ಈಗ ಪೂರಾ ಹಣ್ಣಾಗ್ಯಾನ. ನನ್ನ ನೋಡಿ ಗುರ್ತ ಹಿಡೀಲಿಲ್ಲ. ಆಮ್ಯಾಲ ಹಿಡದ. ನೀಲವ್ವನ ಮಗಳು ಬಂದಾಳ ಅಂತ ಇಡೀ ಓಣಿಗೆ ಒದರಿದ. ಹಂಗ ಗೊತ್ತಾತ್ರಿ."

ಉಳಿಸಿಟ್ಟಿದ್ದ ಯಾದಿ ತೆರೆದೆ. ಬೋರಾಮಣಿಯವರು ಇಪ್ಪತ್ತರ ಮೇಲಿದ್ದರು, ನೀಲವ್ವ ಒಬ್ಬಳೇ. ನಂಬರು ಏಳುನೂರ ಹದಿನೆಂಟು. ಆಕೆಗೆ ಬೆರಳಿಟ್ಟು ತೋರಿಸಿದೆ. ಓದಲು ಬಾರದ ಅಕ್ಷರಗಳ ಮೇಲೆ ಆಕೆಯೂ ಬೆರಳಿಟ್ಟಳು.

ಹಾಡಿನ ಫೋಲ್ಡರ್ ತೆರೆದೆ. ಏಳುನೂರ ಹದಿನೇಳು ಇತ್ತು. ಅದರ ಕೆಳಗೆ ಏಳುನೂರ ಹತ್ತೊಂಬತ್ತು.

ಆಕೆ ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಜೊಳ್ಳಿನ ಫೋಲ್ಡರ್ ಇನ್ನೂ ಅಲ್ಲೇ ಇತ್ತು. ಅಳಿಸದೆ ಉಳಿದದ್ದು ನನ್ನ ಒಳ್ಳೆಯತನದಿಂದಲ್ಲ, ಸೋಮಾರಿತನದಿಂದ. ತೆರೆದೆ. ಏಳುನೂರ ಹದಿನೆಂಟು, ಮುನ್ನೂರಾ ಹತ್ತು ಕೆಬಿ. ನಲವತ್ತು ಸೆಕೆಂಡು ಕೂಡ ಆಗದು.

"ಬಾಯಿ, ಇದು ಕೆಟ್ಟಿರಬಹುದು" ಎಂದೆ.

"ಹಚ್ಚರಿ."

ಹಚ್ಚಿದೆ. ಮೊದಲು ಟೇಪಿನ ಸರಸರ. ಆಮೇಲೆ ಅದರೊಳಗಿಂದ ಬೀಸುಕಲ್ಲಿನ ಗುರುಗುರು ಸದ್ದು ಎದ್ದಿತು. ಅದರ ಮೇಲೆ ಒಂದು ತೆಳ್ಳನೆಯ ದನಿ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯದು:

ಸಣ್ಣಾಗಿ ತಿರುಗವ್ವ ಬೀಸು ಕಲ್ಲವ್ವ ತಾಯಿ
ತೊಡಿಮ್ಯಾಲ ಮಲಗ್ಯಾಳ ನನ ಶೈಲಾ – ಎದ್ದರ
ಯಾರಿಲ್ಲ ಆಕಿನ್ನ ತೂಗಾಕ

ನಾನು ಮೊದಲ ಸಲ ಖಾಕಿ ಅಂಗಿಯ ಮೇಲಿನ ಪಟ್ಟಿ ಓದಿದೆ. ಮರಾಠಿ ಅಕ್ಷರದಲ್ಲಿ ಶೈಲಾ ಎಂದಿತ್ತು.

ಹಾಡು ಮುಂದಿನ ನುಡಿಗೆ ಹೋಗಲಿಲ್ಲ. ಟೇಪಿನೊಳಗೆ ಒಂದು ಕೂಸು ಕುಂಯ್ಗುಟ್ಟಿತು, ಆಮೇಲೆ ಗಂಟಲು ಬಿಟ್ಟು ಅಳತೊಡಗಿತು. ಕಲ್ಲು ನಿಂತಿತು. ಅದೇ ದನಿ, ಈಗ ಹಾಡಿನಲ್ಲಲ್ಲ, ಮಾತಿನಲ್ಲಿ: "ಎದ್ದಳ್ರಿ ಬಾಯಾರ. ಸಾಕ್ರಿ, ಇನ್ನೊಮ್ಮಿ ಹಾಡ್ತೀನಿ. ಬಾ ಶೈಲಾ, ಬಾ ನನ್ನವ್ವ." ಟಕ್ಕೆಂದು ಟೇಪು ಬಂದ್ ಆಯಿತು.

ಬಾಯಾರು ಇನ್ನೊಮ್ಮೆ ಆ ಊರಿಗೆ ಹೋಗಲಿಲ್ಲವೋ, ಹೋದಾಗ ನೀಲವ್ವ ಇರಲಿಲ್ಲವೋ ಗೊತ್ತಿಲ್ಲ. ಯಾದಿಯಲ್ಲಿ ಆ ಹೆಸರು ಒಂದೇ ಸಲ ಇದೆ.

ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡಲು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆ ಅಳುತ್ತಲೇ ನಕ್ಕಳು.

"ಅಳಾಕಿ ನಾನರಿ ಸರ. ನಾನ ಎದ್ದು ಅವ್ವನ ಪದಾ ಕೆಡಿಸೀನಿ ನೋಡ್ರಿ."

ನಾನು ಮೊದಲಿನಿಂದ ಹಚ್ಚಲು ಹೋದೆ. ಆಕೆ ನನ್ನ ಕೈ ತಡೆದಳು.

"ಪದಾ ಬ್ಯಾಡ್ರಿ ಈಗ. ಆಕಿ ನನ್ನ ಕರಿಯೋದಷ್ಟ ಹಚ್ಚರಿ."